ಲಾಕಿನೊಳಗೆ ಆಡಿದ ಜಗಳ

ದಾಕ್ಷಾಯಣಿ ಅಕ್ಕನಿಗೆ ಗಂಡನ ಜೊತೆ ಒಂದು ಜಗಳ ಆಡಬೇಕಿತ್ತು. ಅದಕ್ಕೆ ಜಾಗವೇ ಸಿಗಲಿಲ್ಲ.

2014ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ ನಾವು ಮೂರು ಕನ್ನಡ ಜೋಡಿ ಒಂದು ದೋಣಿಯನ್ನು ವಾರಕ್ಕೆ ಬಾಡಿಗೆ ಹಿಡಿದು, ಫ್ರಾನ್ಸಿನ ಬರ್ಗಂಡಿಯಲ್ಲಿ ದ್ರಾಕ್ಷಿ ತೋಟಗಳ ನಡುವಿನ ಕಾಲುವೆಯಲ್ಲಿ ಹೋಗುತ್ತಿದ್ದೆವು. ವುಲ್ವರ್‌ಹ್ಯಾಂಪ್ಟನ್ನಿನಿಂದ ಅಕ್ಕ ಮತ್ತು ಅವರ ಗಂಡ ರಾಜಶೇಖರ. ಇವರು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾಗಿದ್ದು ಆಗಷ್ಟೇ ನಿವೃತ್ತರಾದವರು. ಲೆಸ್ಟರಿನಿಂದ ನಾನು ಮತ್ತು ನನ್ನ ಗಂಡ ಅಶೋಕ. ಸಾಲ್ಫರ್ಡಿನಿಂದ ಮಿಥುನ್ ಮತ್ತು ಅಪೂರ್ವಾ, ಹೊಸದಾಗಿ ಮದುವೆಯಾದ ಐಟಿ ಜೋಡಿ.

ರಾಜಶೇಖರರ ನಾಲಿಗೆಯ ನಿಯಮಗಳನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ದಾರಿಯಲ್ಲಿ ಸಿಕ್ಕ, ವೈನ್ ಇಡುವ ಪ್ರತಿ ನೆಲಮಾಳಿಗೆಗೂ ಇಳಿದು ಗುಟುಕರಿಸಿ ಬರುತ್ತಿದ್ದರು. ದ್ರಾಕ್ಷಿ ರಸ ತಾನೇ, ಶುದ್ಧ ಸಸ್ಯಾಹಾರ ಎಂಬುದು ಅವರ ವಾದ. ಆದರೆ ಆ ಊರಿನ ಬೇಕರಿಯ ಬ್ರೆಡ್ ಮುಟ್ಟುವವರಲ್ಲ. ಅದೇ ಚಾಕುವಿನಲ್ಲಿ ಏನೇನು ಕೊಯ್ದಿರುತ್ತಾರೋ ಎಂಬ ಅನುಮಾನ. ಊಟ ಹೆಂಡತಿಯ ಕೈಯದೇ ಆಗಬೇಕು, ಮೂರು ಹೊತ್ತೂ ಬಿಸಿ ಇರಬೇಕು. ಹಾಗಾಗಿ ಕುಕ್ಕರು, ತೊಗರಿಬೇಳೆ, ಜೋಳದ ಹಿಟ್ಟು ಎಲ್ಲವೂ ದೋಣಿ ಹತ್ತಿದ್ದವು. ಅಕ್ಕ ರೊಟ್ಟಿ ತಟ್ಟಿದರು, ನಾವೆಲ್ಲ ಕೂತು ತಿಂದೆವು.

ದೋಣಿಯ ಅಡಿಗೆಮನೆ ತಗ್ಗಿನಲ್ಲಿತ್ತು. ಅದರ ಕಿಟಕಿ ದಡದ ಮಟ್ಟಕ್ಕೆ ಬರುತ್ತಿತ್ತು. ಮೇಲೆ ಕೂತ ನಾವು ತೋಟ ನೋಡಿ, ಗುಡ್ಡ ನೋಡಿ ಎಂದು ಮೈಮರೆತಿದ್ದರೆ ಅಕ್ಕನಿಗೆ ಕಾಣುತ್ತಿದ್ದದ್ದು ಹುಲ್ಲಿನ ಬುಡ ಮತ್ತು ನಡೆದು ಹೋಗುವವರ ಕಾಲು.

ಮೂರನೆಯ ದಿನ ಊಟದ ಹೊತ್ತಿಗೆ ರಾಜಶೇಖರ ಘೋಷಿಸಿದರು. ಇಂಥದ್ದೇ ಒಂದು ದೋಣಿ ಕೊಂಡು ಬರುವ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಇಲ್ಲೇ ಇರುತ್ತಾರಂತೆ. ನಮ್ಮ ಕನ್ನಡ ಡಾಕ್ಟರುಗಳು ಬಂದು ವಾರ ವಾರ ಇದ್ದು ಹೋಗಬಹುದು. "ಊಟದ ಚಿಂತೆ ಇಲ್ಲ, ದಾಕ್ಷಾಯಣಿ ಇದ್ದಾಳೆ" ಎಂದರು.

"ಅಕ್ಕನ ರೊಟ್ಟಿ ಸಿಗೋದಾದ್ರೆ ನಾನು ಒಂದು ತಿಂಗಳು ಲೀವ್ ಹಾಕ್ತೀನಿ ಸರ್" ಎಂದ ಅಶೋಕ.

ಅಕ್ಕ ಬಡಿಸುತ್ತಲೇ ಇದ್ದರು. ಮುಖ ಸುಟ್ಟ ಬದನೆಯಂತೆ ಸೊರಗಿತ್ತು. ಕಾರಣ ನನಗೆ ಗೊತ್ತಿತ್ತು. ಮಕ್ಕಳು ದೂರವಾದ ಮೇಲೆ ಅಕ್ಕ ತನಗಾಗಿ ಕೇಳಿದ್ದು ಒಂದೇ: ತರಕಾರಿ ಬೆಳೆಯಲು ಅಲ್ಲಿನ ನಗರಸಭೆ ಬಾಡಿಗೆಗೆ ಕೊಡುವ ತುಂಡು ನೆಲ. ಆರೇಳು ವರ್ಷ ಕಾದ ಮೇಲೆ ಅದು ಸಿಕ್ಕಿತ್ತು. ಅಲ್ಲಿ ಮೆಂತ್ಯ, ಕೊತ್ತಂಬರಿ, ಹಸಿರುಮನೆಯೊಳಗೆ ಹೀರೆ ಬಳ್ಳಿ. ಒಂದು ಬೇಸಿಗೆ ಪಾಳು ಬಿಟ್ಟರೆ ಅದು ಬೇರೆಯವರ ಪಾಲು.

ಆದರೆ ನಾಲ್ಕು ಜನರೆದುರು ಗಂಡನಿಗೆ ಎದುರಾಡುವುದು ಅಕ್ಕನ ಜಾಯಮಾನವಲ್ಲ. ಮನೆಯಲ್ಲಾದರೆ ಬಾಗಿಲು ಹಾಕಿಕೊಂಡು ಜಾಡಿಸುತ್ತಿದ್ದರು. ಇಲ್ಲಿ ಕೋಣೆಗಳ ನಡುವೆ ಇದ್ದದ್ದು ತೆಳು ಹಲಗೆ. ಮಿಥುನ್ ಮಗ್ಗುಲು ಬದಲಿಸಿದರೂ ನಮಗೆ ತಿಳಿಯುತ್ತಿತ್ತು. ಇತ್ತ ರಾಜಶೇಖರ ದೋಣಿ ಮಾರುವವನಿಗೆ ಫೋನ್ ಮಾಡಿ, ವಾರದ ಕೊನೆಗೆ ಭೇಟಿ ಗೊತ್ತುಮಾಡಿಬಿಟ್ಟರು.

ಮರುದಿನ ಒಂದು ಆಳವಾದ ಲಾಕ್ ಬಂತು. ಎರಡು ಬಾಗಿಲುಗಳ ನಡುವೆ ದೋಣಿ ನಿಲ್ಲಿಸಿ ನೀರು ಹೊರಗೆ ಬಿಟ್ಟರೆ, ದೋಣಿ ಮೆಲ್ಲಗೆ ಕೆಳಗಿನ ಕಾಲುವೆಯ ಮಟ್ಟಕ್ಕೆ ಇಳಿಯುವ ಕಲ್ಲಿನ ತೊಟ್ಟಿ ಅದು.

"ನೀವೆಲ್ಲ ದಡ ಹತ್ತಿ ಫೋಟೋ ತೆಗೀರಿ, ಹಗ್ಗ ನಾನು ಹಿಡ್ಕೋತೀನಿ" ಎಂದರು ಅಕ್ಕ. ಚುಕ್ಕಾಣಿ ಹಿಡಿದಿದ್ದ ರಾಜಶೇಖರರನ್ನು ಬಿಟ್ಟು ನಾವೆಲ್ಲ ಹತ್ತಿದೆವು. ದೋಣಿ ಇಳಿಯತೊಡಗಿತು.

ಗಂಡ ಹೆಂಡತಿ ಇಬ್ಬರೇ, ಸುತ್ತ ಗೋಡೆ, ನೀರಿನ ಸದ್ದು. ಇಷ್ಟು ಸಾಕೆಂದು ಅಕ್ಕ ಲೆಕ್ಕ ಹಾಕಿದ್ದರು. ಆದರೆ ಎಂಜಿನ್ನಿನ ಗದ್ದಲಕ್ಕೆ ದನಿ ಏರಿಸಬೇಕಾಯಿತು, ಏರಿದ ದನಿ ಒದ್ದೆ ಗೋಡೆಗೆ ಬಡಿದು ನೇರ ನಮ್ಮ ಕಿವಿಗೇ ಬಂತು. ನಮ್ಮೊಂದಿಗೆ ಬೆಂಗಳೂರಿನ ಕನ್ನಡ ಆಡುವ ಅಕ್ಕ ಗಂಡನೆದುರು ಧಾರವಾಡದವರೇ ಆಗಿದ್ದರು.

"ನಾ ಬರಂಗಿಲ್ಲ ನೋಡ್ರಿ. ಈ ಅಡಿಗಿಮನ್ಯಾಗ ನಂಗ ಉಸುರು ಕಟ್ಟತೈತಿ. ನನ್ನ ಜಾಗ ಹೋಗತೈತಿ. ನಿಮ್ಮ ಡ್ಯೂಟಿ ಮುಗೀತು, ನಂದು ಯಾವಾಗ ಮುಗಿಯೂದು?"

"ಅದಕ್ಯಾಕ ಅಷ್ಟ ಚಿಂತಿ?" ಎಂದರು ರಾಜಶೇಖರ. "ಬೋಟಿನ ಮ್ಯಾಲ ನಾಕು ಡಬ್ಬ್ಯಾಗ ಮೆಂತ್ಯ ಹಾಕು, ಆತಲ್ಲ."

ದಡದ ಮೇಲೆ ಅಶೋಕ ಕಿಸಕ್ಕೆಂದ. ಮಿಥುನ್ ನಕ್ಕ. ನನಗೂ ತಡೆಯಲಾಗಲಿಲ್ಲ.

ಅಕ್ಕ ತಲೆ ಎತ್ತಿದರು. ಎಲ್ಲರೂ ಎಲ್ಲವನ್ನೂ ಕೇಳಿದ್ದಾರೆ ಎಂದು ತಿಳಿಯಿತು. ಆಮೇಲೆ, ಹೋದ ಮಾನ ಹೋಯಿತು ಎನಿಸಿತೇನೋ, ಹಗ್ಗ ಬಿಡದೆಯೇ ನಿಧಾನವಾಗಿ ಕೇಳಿದರು.

"ನಗ್ರಿ. ಏಪ್ರಿಲ್‌ದಾಗ ಇವರಿಗೆ ರೊಟ್ಟಿ ಬಡ್ಯಾಕ ನಿಮ್ಮೊಳಗ ಯಾರು ಬರ್ತೀರಿ? ಬೋಟ್ ಮಾರಾವ್ನ ಕಡೆ ಹೋಗೂದ್ರಾಗ ಹೇಳಿಬಿಡ್ರಿ."

ತಿಂಗಳ ಲೀವ್ ಹಾಕುವ ಅಶೋಕ ತನ್ನ ಬೂಟು ನೋಡಿಕೊಂಡ. ಅಪೂರ್ವಾ ಫೋನಿನಲ್ಲಿ ಏನೋ ಹುಡುಕಿದಳು. ನಾನಂತೂ ತೋಟದ ಕಡೆ ತಿರುಗಿ ಫೋಟೋ ತೆಗೆಯತೊಡಗಿದೆ. ತೊಟ್ಟಿಯ ತಳದಿಂದ ರಾಜಶೇಖರ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು, ಕೊನೆಗೆ ಹೆಂಡತಿಯನ್ನು. ಇಷ್ಟು ವರ್ಷ ಅವರು ಉಂಡ ಊಟದ ಹಿಂದೆ ಎಷ್ಟು ಕೆಲಸವಿತ್ತೆಂದು ಮೊದಲ ಸಲ ಗೊತ್ತಾದಂತಿತ್ತು.

"ಫೋನ್ ಮಾಡಿ ಬ್ಯಾಡಂತ ಹೇಳ್ತೀನಿ ಬಿಡು" ಎಂದರು.

ಲಾಕಿನ ಬಾಗಿಲು ತೆರೆಯಿತು. ಅಕ್ಕ ಹಗ್ಗ ಸುತ್ತಿಟ್ಟು, ಕುಕ್ಕರಿನ ಉರಿ ಆರಿಸಲು ಕೆಳಗೆ ಹೋದರು. ವಾರ ಮುಗಿಯಲು ಇನ್ನೂ ದಿನಗಳಿದ್ದವು. ನಾವು ಒಬ್ಬೊಬ್ಬರಾಗಿ ದೋಣಿ ಹತ್ತಿ, ಕೈ ತೊಳೆದು, ತಟ್ಟೆಗಳ ಮುಂದೆ ಕೂತೆವು.