ಅಣ್ಣನ ರುಮಾಲು, ನನ್ನ ಎಡಗೈ

ನಿವೃತ್ತನಾದವನ ತಲೆಯ ಮೇಲೆ ಏನಿರಬೇಕೆಂಬುದನ್ನು ಯಾವ ಸರಕಾರವೂ ಗೊತ್ತುಮಾಡಿಲ್ಲ. ಜಮಖಂಡಿಯ ಶಾಲೆಗೆ ಮಾಸ್ತರನಾಗಿ ಸೇರಿದಾಗ ನನ್ನ ತಲೆಯೇರಿದ ಕರಿಯ ಟೋಪಿ, ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದಾಗಲೂ ಕೆಳಗಿಳಿಯದೆ, ಪೆನ್ಶನ್ ಆದ ಮರುದಿನ ಬನಹಟ್ಟಿಯ ಮನೆಯ ಗೂಟಕ್ಕೆ ಹೋಗಿ ಕುಳಿತಿತು. ಬರಿತಲೆಗೆ ಗಾಳಿ ತಗಲಿದ್ದೇ ತಡ, ಇಷ್ಟು ವರ್ಷ ಅದರೊಳಗೆ ಕಾಲಿಡಲು ಹೆದರಿದ್ದ ಹುಚ್ಚುಗಳೆಲ್ಲ ಬಂದು ನೆಲೆಸಿದವು.

ಅವುಗಳಲ್ಲಿ ಅಗ್ರಗಣ್ಯವಾದದ್ದು ಸೈಕಲ್ಲು. ಮೊಮ್ಮಕ್ಕಳನ್ನು ಎತ್ತಿ ಆಡಿಸಬೇಕಾದ ವಯಸ್ಸಿನಲ್ಲಿ ನಾನೇ ಎಡವಟ್ಟಾಗಿ ಬಿದ್ದು, ಪರರಿಂದ ಎತ್ತಿಸಿಕೊಂಡು, ಅಂತೂ ಆ ದ್ವಿಚಕ್ರವಿದ್ಯೆಯನ್ನು ಸಾಧಿಸಿದೆ. ನೇಕಾರರ ಓಣಿಯಲ್ಲಿ ನಾನು ಹಾಯ್ದುಹೋಗುವಾಗ ಮಗ್ಗಗಳ ಸದ್ದು ನಿಲ್ಲುತ್ತಿತ್ತು. ಗೌರವಕ್ಕೆಂದು ಮೊದಲು ಭ್ರಮಿಸಿದ್ದೆ. ಮಾಸ್ತರರು ಇಂದು ಯಾವ ಕಟ್ಟೆಗೆ ಗುದ್ದುತ್ತಾರೆಂದು ನೋಡುವ ಕುತೂಹಲಕ್ಕೆಂದು ಆಮೇಲೆ ತಿಳಿಯಿತು. ಇರಲಿ, ನಿವೃತ್ತನೂ ಲೋಕಕ್ಕೆ ಒಂದಿಷ್ಟು ಉಪಕಾರ ಮಾಡಬೇಕಷ್ಟೆ.

ಸೈಕಲ್ಲು ನನ್ನನ್ನು ದಿನವೂ ಒಯ್ಯುತ್ತಿದ್ದುದು ಚಿಮ್ಮಡಕ್ಕೆ, ಅಣ್ಣ ಸಿದ್ದಪ್ಪನ ಮನೆಗೆ. ಮೀಸೆ ಮೂಡುವ ಮೊದಲೇ ದಂಡಿಗೆ ಹೋದವನು ಅವನು. ಅವನು ಕಳಿಸುತ್ತಿದ್ದ ಪಗಾರದಿಂದಲೇ ನಾನು ಓದಿದ್ದು. ಕುರಿ ಕಾಯುವ ಮನೆತನದಲ್ಲಿ ಒಬ್ಬ ಮಾಸ್ತರ ಹುಟ್ಟಿದನೆಂದರೆ ಅದು ಸರಸ್ವತಿಯ ಕೃಪೆಗಿಂತ ಹೆಚ್ಚಾಗಿ ಸಿದ್ದಪ್ಪನ ಕೃಪೆ. ಕಳೆದ ಯುದ್ಧದಲ್ಲಿ ಬರ್ಮಾದ ಕಾಡಿನಲ್ಲಿ ಎಡಗೈಗೆ ಗುಂಡು ತಗಲಿ, ಸುಬೇದಾರನಾಗಿ ಪೆನ್ಶನ್ ಪಡೆದು ಊರಿಗೆ ಬಂದ. ಕೈ ಮೈಗಂಟಿಕೊಂಡಿತ್ತು, ಅಷ್ಟೆ. ಬೆರಳುಗಳು ಅವನ ಮಾತು ಕೇಳುತ್ತಿರಲಿಲ್ಲ. ಆದರೂ ಒಂದೇ ಕೈಯಿಂದ ಎತ್ತು ಹೂಡುತ್ತಿದ್ದ, ಬಾವಿಯಿಂದ ನೀರು ಸೇದುತ್ತಿದ್ದ, ನನ್ನ ಸೈಕಲ್ಲಿನ ಬಾಗಿದ ಹ್ಯಾಂಡಲನ್ನು ಮೊಣಕಾಲ ನಡುವೆ ಹಿಡಿದು ನೇರ ಮಾಡಿಕೊಡುತ್ತಿದ್ದ. ಅಂಥವನಿಗೆ ಆಗದ ಕೆಲಸವೂ ಒಂದಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ಅವನು ಯಾರ ಮದುವೆಗೂ ಬರುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಅಕ್ಷತೆ ಬಿದ್ದ ಮೇಲೆ ಬೀರೇಶ್ವರನ ಹೆಸರು ಹೇಳಿ ಮೊದಲ ರುಮಾಲನ್ನು ಹಿರಿಯನ ಕೈಗಿಡುತ್ತಾರೆ. ಅವನು ಹಂದರದ ನಡುವೆ ನಿಂತು, ಎಲ್ಲರ ಎದುರು, ತಾನೇ ಅದನ್ನು ತಲೆಗೆ ಸುತ್ತಿಕೊಳ್ಳಬೇಕು. ಅಣ್ಣ ಬಾರದ್ದರಿಂದ ಬಂಧುಗಳು ಅವನ ಪಾಲಿನ ರುಮಾಲುಗಳನ್ನು ಮನೆಗೇ ಮುಟ್ಟಿಸಿ, ಸುಬೇದಾರನಿಗೆ ಸೊಕ್ಕು ಬಂದಿದೆ, ನಮ್ಮೊಡನೆ ಪಂಕ್ತಿಗೆ ಕೂಡುವುದು ಅವನಿಗೆ ಕಡಿಮೆಯೆನಿಸುತ್ತದೆ ಎಂದು ಆಡಿಕೊಳ್ಳುತ್ತಿದ್ದರು. ಅವನು ರುಮಾಲುಗಳನ್ನು ಕುರಿ ಕಾಯುವವರಿಗೆ ಹಂಚಿಬಿಡುತ್ತಿದ್ದ.

ನನ್ನ ಕಿರಿಯ ಮಗಳ ಮದುವೆ ಗೊತ್ತಾದಾಗ, ಮೊದಲ ರುಮಾಲು ಅಣ್ಣನ ತಲೆಗೇ ಏರಬೇಕೆಂದು ನಾನು ಹಟ ಹಿಡಿದೆ. ಅವನ ಅನ್ನ ಉಂಡು ಬೆಳೆದವನು ನಾನು. ನನ್ನ ಮನೆಯ ಕಡೆಯ ಮದುವೆಯಲ್ಲಿಯೂ ಅವನಿಗೆ ನಾಲ್ಕು ಜನರ ನಡುವೆ ಮಾನ ಸಲ್ಲದಿದ್ದರೆ ಇನ್ನೆಂದಿಗೆ? ಒಂದು ಮುಂಜಾನೆ ಸೂರ್ಯ ಕಣ್ಣು ಬಿಡುವ ಮುನ್ನವೇ ಚಿಮ್ಮಡ ಸೇರಿ, ಸೈಕಲ್ಲಿಗೆ ಗಂಟೆಯಿಲ್ಲದ ಕಾರಣ ಸದ್ದಿಲ್ಲದೆ ಒಳಗೆ ಹೋದೆ. ನಡುಮನೆಯಲ್ಲಿ ಅಣ್ಣ ನೆಲದ ಮೇಲೆ ಕುಳಿತಿದ್ದ. ಅತ್ತಿಗೆ ಗೌರವ್ವ ಅವನ ಹಿಂದೆ ನಿಂತು ರುಮಾಲು ಸುತ್ತುತ್ತಿದ್ದಳು.

ನನಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ಅತ್ತಿಗೆ ಕೈ ನಿಲ್ಲಿಸಿದಳು. ಅಣ್ಣ ಮಾತ್ರ ಅಲ್ಲಾಡದೆ, ಗೋಡೆಯತ್ತ ನೋಡುತ್ತಲೇ ಹೇಳಿದ: “ಸತ್ತವರಿಗಷ್ಟಽ ಮಂದಿ ರುಮಾಲ ಸುತ್ತತಾರ, ತಮ್ಮಾ. ನಾ ಇನ್ನೂ ಜೀವಂತ ಅದೇನಿ.”

ಅದು ನಿಜವೇ. ನಮ್ಮಲ್ಲಿ ಇನ್ನೊಬ್ಬರ ಕೈಯಿಂದ ರುಮಾಲು ಸುತ್ತಿಸಿಕೊಳ್ಳುವವನು ಹೆಣ ಮಾತ್ರ. ಬರ್ಮಾದಿಂದ ಜೀವಸಹಿತ ಮರಳಿದವನು ಬಂಧುಗಳ ಎದುರು ಹಾಗೆ ನಿಲ್ಲುವುದಕ್ಕಿಂತ ಸೊಕ್ಕಿನವನೆನಿಸಿಕೊಳ್ಳುವುದನ್ನೇ ಆರಿಸಿಕೊಂಡಿದ್ದ. ಅಳುವುದಕ್ಕೆ ಪೆನ್ಶನ್ ಕೊಡುವುದಿಲ್ಲವಷ್ಟೆ? ಚಹ ಕುಡಿಯುತ್ತ, ಅವನ ರುಮಾಲನ್ನು ಅವನೇ ಸುತ್ತಿಕೊಳ್ಳಲಿ, ನಾನು ಬರೀ ಎಡಗೈಯ ಕೆಲಸಕ್ಕೆ ನಿಲ್ಲುತ್ತೇನೆಂದು ಸೂಚಿಸಿದೆ. ಅಣ್ಣ ಬಹಳ ಹೊತ್ತು ನನ್ನ ಕೈಯನ್ನು ನೋಡಿದ. ಸೈಕಲ್ಲಿನಿಂದ ಬಿದ್ದ ಗಾಯಗಳಿಂದ ಅಲಂಕೃತವಾಗಿದ್ದ ಆ ಕೈ ಅವನಿಗೆ ವಿಶ್ವಾಸ ಹುಟ್ಟಿಸುವಂತಿರಲಿಲ್ಲ. ಆದರೂ ನಾಳೆ ಹೊತ್ತಿಗೆ ಸರಿಯಾಗಿ ಬಾ ಎಂದ.

ಮುಂದಿನ ದಿನಗಳ ಕವಾಯತನ್ನು ಏನೆಂದು ವರ್ಣಿಸಲಿ! ಜೀವಮಾನವೆಲ್ಲ ಟೋಪಿ ಹಾಕಿಕೊಂಡವನಿಗೆ ರುಮಾಲಿನ ಗತಿ ಹೇಗೆ ತಿಳಿಯಬೇಕು? ಅಣ್ಣನ ಬಲಗೈ ಬಟ್ಟೆಯನ್ನು ಹಣೆಯ ಮೇಲಿಂದ ತಂದಾಗ ನಾನು ಹಿಂದೆ ನಿಂತು ಮಡಿಕೆಯನ್ನು ಒತ್ತಿ ಹಿಡಿದು, ಅವನ ಕೈ ಹಿಂಬದಿಗೆ ಬಂದಾಗ ಸೆರಗನ್ನು ದಾಟಿಸಿ, ಸಕಾಲದಲ್ಲಿ ಬೆರಳು ಬಿಡಬೇಕು. ಹಿಡಿಯುವಾಗ ಬಿಟ್ಟೆ, ಬಿಡುವಾಗ ಹಿಡಿದೆ. ಒಮ್ಮೆ ಅವನ ಕಿವಿಯನ್ನೂ ಸೇರಿಸಿಯೇ ಸುತ್ತಿಸಿದೆ. ಹೊಸ ಸಿಪಾಯಿಗಳಿಗೆ ಹಾಕುತ್ತಿದ್ದ ಬೈಗುಳಗಳಲ್ಲಿ ಮನೆಯೊಳಗೆ ಆಡಬಹುದಾದವನ್ನು ಆರಿಸಿ ಅಣ್ಣ ನನಗೆ ಹಾಕಿದ. ಹುಡುಗರ ಕಿವಿ ಹಿಂಡಿದ ಕೈಗೆ ಇದು ತಕ್ಕ ಶಾಸ್ತಿಯೆಂದು ಅತ್ತಿಗೆ ನಕ್ಕಳು, ಅಣ್ಣನೂ ನಕ್ಕ. ಅಣ್ಣ ಅಷ್ಟು ಬೈದದ್ದನ್ನೂ, ಅಷ್ಟು ನಕ್ಕದ್ದನ್ನೂ ನಾನು ಯುದ್ಧದ ನಂತರ ಕಂಡಿರಲೇ ಇಲ್ಲ.

ಮದುವೆಯ ದಿನ ಅಣ್ಣ ಬಂದ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಷತೆಯಾಗಿ, ಬೀರೇಶ್ವರನ ಹೆಸರು ಹೇಳಿ ರುಮಾಲು ಕೈಗಿಟ್ಟಾಗ ಅವನು ಎದ್ದು ನಿಂತು ಹಳೆಯದನ್ನು ತೆಗೆದ. ನಾನು ಹೋಗಿ ಅವನ ಹಿಂದೆ ನಿಂತೆ. ಹಂದರದಲ್ಲಿ ಗುಸುಗುಸು ಎದ್ದಿತು. ಬೀಗರಲ್ಲಿ ಹಿರಿಯರೊಬ್ಬರು ಮುಂದೆ ಬಂದು, “ಮಾಸ್ತರ, ಮದಿವಿ ಹಂದರದಾಗ ಇದೇನ್ ಮಾಡಾಕತ್ತೀರಿ? ಇದು ಛಲೋ ಅಲ್ಲರಿ” ಎಂದರು.

ಮಗಳ ಸಂಬಂಧವೇ ಕೆಡಬಹುದಾಗಿತ್ತು. ಆದರೂ ನನ್ನ ದನಿ ಶಾಲೆಯಲ್ಲಿ ಇದ್ದಷ್ಟೇ ಗಟ್ಟಿಯಾಗಿತ್ತು: “ಸುತ್ತಿಕೊಳ್ಳಾಂವ ಅಣ್ಣನಽರಿ. ಅವನ ಎಡಗೈ ಬರ್ಮಾದಾಗ ಉಳೀತು, ಅದಕ್ಕ ನಂದು ಕೊಟ್ಟೇನಿ.”

ಹಿರಿಯರು ಅಣ್ಣನ ಜೋತುಬಿದ್ದ ಕೈಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ತಾವೇ ಬಾಗಿ ನೆಲಕ್ಕೆ ತಾಗುತ್ತಿದ್ದ ರುಮಾಲಿನ ತುದಿಯನ್ನು ಎತ್ತಿ ಹಿಡಿದರು. ಅಣ್ಣ ಸುತ್ತತೊಡಗಿದ. ಮನೆಯಲ್ಲಿ ಸರಿಬಂದದ್ದು ಹಂದರದಲ್ಲಿ ಸರಿಬರಲಿಲ್ಲ. ನಾನು ಬೇಗನೆ ಬೆರಳು ಬಿಟ್ಟದ್ದರಿಂದ ಒಂದು ಮಡಿಕೆ ಜಾರಿತು, ರುಮಾಲು ಬಲಕ್ಕೆ ವಾಲಿ ನಿಂತಿತು. ಅಷ್ಟಾದರೂ ಸುಬೇದಾರ ಸಿದ್ದಪ್ಪ ಅದೇ ತಲೆಯಲ್ಲಿ ವಧೂವರರನ್ನು ಹರಸಿದ, ಪಂಕ್ತಿಯ ಮೊದಲ ಎಲೆಗೆ ಕುಳಿತು ಉಂಡ, ಬಂಧುಗಳೊಡನೆ ಎಲೆಯಡಿಕೆ ಹಾಕಿಕೊಂಡ.

ಸಂಜೆ ಚಿಮ್ಮಡಕ್ಕೆ ಹೊರಟ ಚಕ್ಕಡಿಯನ್ನು ಅಣ್ಣ ಏರಿದಾಗ, ಹಾದಿಯಲ್ಲಿ ಜನ ನೋಡುತ್ತಾರೆಂದು ಅತ್ತಿಗೆ ಆ ಸೊಟ್ಟ ರುಮಾಲನ್ನು ಬಿಚ್ಚಿ ನೆಟ್ಟಗೆ ಸುತ್ತಲು ಕೈ ಹಾಕಿದಳು. ಅಣ್ಣ ತಲೆಯನ್ನು ಹಿಂದಕ್ಕೆ ಸರಿಸಿದ.

“ಮುಟ್ಟಬ್ಯಾಡ,” ಎಂದ. “ಇದನ್ನ ನಾನಽ ಸುತ್ತಿಕೊಂಡೇನಿ.”