ನಲವತ್ತನೇ ಹಾಳೆ ಬರುವ ತನಕ

ಬೆಳಗಿನ ಐದೂ ಮುಕ್ಕಾಲು. ತಿರುವನಂತಪುರದ ಉಳ್ಳೂರಿನ ಲ್ಯಾಬೊಂದರಲ್ಲಿ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಬೆಂಚಿನ ಮೇಲೆ ಆಕಳಿಸುತ್ತಿದ್ದಾರೆ. ಒಳಗಿನ ಕೋಣೆಯಲ್ಲಿ ರಾಜೀವಿಯವರೂ ಆಕಳಿಸುತ್ತಿದ್ದಾರೆ. ಅವರ ಎದುರಿಗೆ ಕಪ್ಪು ಪರದೆಯ, ಇಪ್ಪತ್ತೆಂಟು ವರ್ಷ ಹಳೆಯ ಪ್ರೋಗ್ರಾಮು. ಪಕ್ಕದಲ್ಲಿ ನಿನ್ನೆಯಷ್ಟೇ ಪೆಟ್ಟಿಗೆಯಿಂದ ಇಳಿದ ಲೇಸರ್ ಪ್ರಿಂಟರ್. ಎತ್ತು ಏರಿಗೆ, ಕೋಣ ನೀರಿಗೆ. ಇವೆರಡನ್ನೂ ಒಂದೇ ನೊಗಕ್ಕೆ ಕಟ್ಟುವುದು ರಾಜೀವಿಯವರ ಕೆಲಸ.

ಇಲ್ಲಿದ್ದ ಕರಕರ ಸದ್ದಿನ ಹಳೆಯ ಪ್ರಿಂಟರ್ ಮೊನ್ನೆ ಕೈಕೊಟ್ಟಿದೆ. ನಲವತ್ತು ರೋಗಿಗಳ ರಿಪೋರ್ಟು ಪರದೆಯಲ್ಲಿದೆ, ಕಾಗದಕ್ಕೆ ಇಳಿಯುತ್ತಿಲ್ಲ. ಎಂಟು ಗಂಟೆಗೆ ಅವು ಡಾಕ್ಟರುಗಳ ಕೈ ಸೇರಬೇಕು.

"ಹೊಸ ಪ್ರೋಗ್ರಾಮು ಹಾಕಿ ಅಂತ ಪ್ರತಿ ಸಲ ನಾನೇ ಹೇಳುದು," ಎಂದು ಅವರ ಕೆಲಸ ನೋಡಿ ಬರೆಯಲು ಬಂದ ನನಗೆ ಹೇಳುತ್ತಾರೆ. "ಆದ್ರೆ ಹಳೇ ಪೇಷೆಂಟುಗಳ ರಿಪೋರ್ಟೆಲ್ಲ ಇದ್ರಲ್ಲೇ ಉಂಟಲ್ಲ? ಈ ಪ್ರೋಗ್ರಾಮು ಬರ್ದವರು ತೀರಿಹೋಗಿ ಹನ್ನೊಂದು ವರ್ಷ ಆಯ್ತು. ಇನ್ನು ಯಾರನ್ನು ಕೇಳುದು ಮಾರಾಯ್ರೆ?"

ರಾಜೀವಿಯವರಿಗೆ ಐವತ್ತೇಳು. ಹುಟ್ಟೂರು ಮಂಜೇಶ್ವರ. ಗಂಡ ಕೃಷ್ಣಾನಂದರನ್ನು ಬ್ಯಾಂಕಿನವರು ಕೊಚ್ಚಿಗೆ ವರ್ಗ ಮಾಡಿದಾಗ ಬಂದು, ಎರ್ನಾಕುಲಂನಲ್ಲೇ ಉಳಿದವರು. ಅಲ್ಲಿ ಬಂದರಿರುವ ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಏಜೆಂಟರಿಗೆ, ಲ್ಯಾಬುಗಳಿಗೆ ಪ್ರೋಗ್ರಾಮು ಬರೆದುಕೊಡುವ ಕಂಪನಿಯೊಂದರಲ್ಲಿ ದುಡಿದರು. ಕಂಪನಿ ಮುಚ್ಚಿತು, ಪ್ರೋಗ್ರಾಮುಗಳು ಮುಚ್ಚಲಿಲ್ಲ. ಒಂದು ಕಾಲದಲ್ಲಿ ಅರವತ್ತೆರಡು ಕಡೆ ಇವರ ಕೈಗುಣ ನಡೆಯುತ್ತಿತ್ತು, ಈಗ ಕೊಚ್ಚಿಯಲ್ಲಿ ಏಳು, ಇಲ್ಲಿ ನಾಲ್ಕು. ಮಂಡಿ ನೋವು ಮಾತ್ರ ಕಡಿಮೆಯಾಗಿಲ್ಲ. ಮಗಳು ಸಿಂಚನಾ ಅಮ್ಮನ ಕನ್ನಡಕ್ಕೆ ಮಲಯಾಳದಲ್ಲೇ ಉತ್ತರ ಕೊಡುವವಳು. ಸಾಕು ಮಾಡಬಾರದೇ ಎಂದು ಅವಳು ಕೇಳುತ್ತಲೇ ಇದ್ದಾಳೆ.

ಕೆಲಸ ಹೇಳಿದರೆ ಸುಲಭ. ಹಳೆಯ ಪ್ರೋಗ್ರಾಮಿಗೆ ಹೊಸ ಪ್ರಿಂಟರಿನ ಗುರುತಿಲ್ಲ. ಅದು ಕಳಿಸಿದ್ದನ್ನು ರಾಜೀವಿಯವರ ಪುಟ್ಟ ಪ್ರೋಗ್ರಾಮೊಂದು ನಡುವೆ ಹಿಡಿದು, ಹಾಳೆಗೆ ತಕ್ಕಂತೆ ಕತ್ತರಿಸಿ ಪ್ರಿಂಟರಿಗೆ ದಾಟಿಸುತ್ತದೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ. ಕಷ್ಟವೆಲ್ಲ ಕತ್ತರಿಸುವುದರಲ್ಲಿದೆ. ಹಳೆಯ ಉದ್ದ ಕಾಗದದಲ್ಲಿ ಎಪ್ಪತ್ತೆರಡು ಸಾಲು, ಈಗಿನ ಹಾಳೆಯಲ್ಲಿ ಎಪ್ಪತ್ತು. ಕಣ್ಣು ತಪ್ಪಿದರೆ ಹಾಳೆಗೆ ಎರಡೆರಡು ಸಾಲು ಜಾರುತ್ತದೆ.

ಹತ್ತು ವರ್ಷದ ಹಿಂದೆ ಕೊಚ್ಚಿಯ ಒಂದು ಲ್ಯಾಬಿನಲ್ಲಿ ಕಣ್ಣು ತಪ್ಪಿತ್ತು. ಮೂರು ಹಾಳೆ ನೋಡಿ, ಸರಿಯಿದೆ ಎಂದು ರಾಜೀವಿ ಎದ್ದು ಬಂದಿದ್ದರು. ಹಾಳೆಯ ಕೆಳಗೆ ಖಾಲಿ ಜಾಗ ಉಳಿದಿದ್ದರಿಂದ ಹನ್ನೊಂದು ಹಾಳೆ ಸರಿಯಾಗಿಯೇ ಬಂದವು. ಹನ್ನೆರಡನೆಯವರ ಕೊನೆಯ ಸಾಲು, ಅಂದರೆ ಸಕ್ಕರೆಯ ಅಂಶ, ಹದಿಮೂರನೆಯವರ ಹಾಳೆಯ ನೆತ್ತಿಗೆ ಹೋಗಿ ಕೂತಿತು.

"ಹದಿಮೂರನೆಯವರು ಒಬ್ರು ಅಜ್ಜ. ಸಕ್ಕರೆ ಇರ್ಲೇ ಇಲ್ಲ ಅವರಿಗೆ. ನರ್ಸು ಇನ್ಸುಲಿನ್ ಸೂಜಿಗೆ ತುಂಬಿಸಿ ಆಗಿತ್ತು. ಎಂತದೋ ಸಂಶಯ ಬಂದು ಇನ್ನೊಮ್ಮೆ ಹಾಳೆ ನೋಡಿದ್ರು. ಆ ನರ್ಸಿನ ಹೆಸ್ರೂ ನಂಗೆ ಗೊತ್ತಿಲ್ಲ."

ಅಂದಿನಿಂದ ಒಂದು ಕಟ್ಟುಪಾಡು: ಎಲ್ಲಿ ಹೋದರೂ ನಲವತ್ತು ಹಾಳೆ ಬರುವ ತನಕ ಕುರ್ಚಿ ಬಿಡುವುದಿಲ್ಲ. ಪ್ರತಿ ಹಾಳೆಯ ಮೇಲೂ ಬೆರಳಿಟ್ಟು ನೋಡುತ್ತಾರೆ.

ಆರೂವರೆಗೆ ಮೊದಲ ಹಾಳೆ ಹೊರಬರುತ್ತದೆ. ಮೂರನೆಯದು ಬಂದಾಗ ಲ್ಯಾಬಿನ ಅಪರ್ಣಾಗೆ ಸಂಭ್ರಮ. "ಮದಿ ಚೇಚೀ," ಎನ್ನುತ್ತಾಳೆ. ಸಾಕು ಅಕ್ಕಾ, ಚಾ ಕುಡಿಯಲು ಬನ್ನಿ ಎಂದು ಕರೆಯುತ್ತಾಳೆ. ರಾಜೀವಿ ಏಳುವುದಿಲ್ಲ. ನನಗೂ ಹಸಿವು, ಸತ್ಯ ಹೇಳಬೇಕೆಂದರೆ ಸ್ವಲ್ಪ ಸಿಟ್ಟೂ ಬರುತ್ತದೆ. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿದೆ.

ಇಪ್ಪತ್ತನೇ ಹಾಳೆಯ ಮೇಲೆ ಬೆರಳು ನಿಲ್ಲುತ್ತದೆ. ಹತ್ತೊಂಬತ್ತನೆಯವರಿಗೆ ಬರೆದ ಪರೀಕ್ಷೆಗಳು ಹೆಚ್ಚು, ಪಟ್ಟಿ ಹಾಳೆಗಿಂತ ಎಂಟು ಸಾಲು ಉದ್ದ. ಆ ಎಂಟೂ ಸಾಲು ಇಪ್ಪತ್ತನೆಯವರ ಹೆಸರಿನ ಮೇಲೆ ಬಂದು ಕೂತಿವೆ.

"ಅಪರ್ಣಾ, ಕವರಿಗೆ ಹಾಕಿದ್ದೆಲ್ಲ ತೆಗಿ!" ಗಾಬರಿಯಲ್ಲಿ ಕನ್ನಡವೇ ಬಂದುಬಿಡುತ್ತದೆ. ಅಪರ್ಣಾಗೆ ಮಾತು ಅರ್ಥವಾಗದಿದ್ದರೂ ಮುಖ ನೋಡಿಯೇ ಕವರುಗಳನ್ನು ಬಿಚ್ಚುತ್ತಾಳೆ. ರಾಜೀವಿ ತಮ್ಮ ಪ್ರೋಗ್ರಾಮನ್ನು ತಿದ್ದುತ್ತಾರೆ: ಇನ್ನು ಸಾಲು ಎಣಿಸುವುದಿಲ್ಲ, ರೋಗಿಯ ಹೆಸರು ಬಂದಲ್ಲೆಲ್ಲ ಹೊಸ ಹಾಳೆ. ಮತ್ತೆ ಒಂದನೆಯದರಿಂದ ಶುರು.

ಏಳು ಐವತ್ತಕ್ಕೆ ನಲವತ್ತನೆಯವರ ಹಾಳೆ ಬರುತ್ತದೆ. ನೆತ್ತಿಯಲ್ಲಿ ಒಂದೇ ಹೆಸರು, ಕೆಳಗೆ ಅವರದೇ ಅಂಕಿಗಳು. ರಾಜೀವಿ ಮೇಜಿಗೆ ಕೈಯೂರಿ ನಿಧಾನವಾಗಿ ಏಳುತ್ತಾರೆ. ಅಪರ್ಣಾ ತಂದಿಟ್ಟ ಚಾ ತಣ್ಣಗಾಗಿದೆ. ಅದನ್ನೇ ಕುಡಿಯುತ್ತಾರೆ.

ಆಸೆ ಏನಾದರೂ ಇದೆಯೇ ಎಂದು ಕೇಳುತ್ತೇನೆ.

"ಉಂಟು. ಒಮ್ಮೆಯಾದ್ರೂ ಮೂರು ಹಾಳೆ ನೋಡಿ, ಸರಿ ಉಂಟು ಅಂತ ಎದ್ದು ಹೋಗುವಷ್ಟು ಧೈರ್ಯ ಬರ್ಬೇಕು."

ಲೋಟ ಕೆಳಗಿಟ್ಟು, ತಲೆಯಾಡಿಸುತ್ತಾರೆ.

"ಬಂದ್ರೆ ಮಾತ್ರ, ಆ ದಿನವೇ ನಾನು ಈ ಕೆಲಸ ಬಿಡ್ಬೇಕು."