ದೀಪ್ತಿಬೆನ್ ಓವನ್, ನನ್ನ ಸ್ಕೂಟರ್

ನಮ್ಮ ಮನೆಯವರಿಗೆ ಹೊಸ ವಸ್ತು ಕಂಡರೆ ಆಗುವುದಿಲ್ಲ. ಪಾಂಡುರಂಗ ಎಂಬ ಈ ಮಹಾನುಭಾವರು ಗದಗಿನಿಂದ ಸಾಬರಮತಿ ಪಕ್ಕದ ಚಾಂದ್‌ಖೇಡಾಕ್ಕೆ ಎಣ್ಣೆ ಕಂಪನಿಯ ಕೆಲಸಕ್ಕೆ ಬಂದಾಗ ಕೈಯಲ್ಲಿದ್ದದ್ದು ಒಂದೇ ಟ್ರಂಕು. ಅದರಲ್ಲಿ ಅರ್ಧ ಬಟ್ಟೆ, ಅರ್ಧ ಸ್ಕ್ರೂಡ್ರೈವರು, ಇಕ್ಕಳದಂಥ ಪಕ್ಕಡು. ಈಗ ನಿವೃತ್ತರಾಗಿದ್ದಾರೆ. ಬಟ್ಟೆ ಅಷ್ಟೇ ಇವೆ, ಉಳಿದದ್ದು ಬೆಳೆದು ಬಾಲ್ಕನಿ ತುಂಬಿದೆ. ಸತ್ತ ಮಿಕ್ಸರು, ರೆಕ್ಕೆಯಿಲ್ಲದ ಫ್ಯಾನು, ಯಾರದೋ ವಾಷಿಂಗ್ ಮಷೀನಿನ ಮೋಟರು. ಬಟ್ಟೆ ಒಣಹಾಕಲು ನನಗೆ ಉಳಿದಿರುವುದು ಒಂದೇ ಹಗ್ಗ, ಅದಕ್ಕೂ ಇವರು ವೈರು ನೇತುಹಾಕುತ್ತಾರೆ.

ನಮ್ಮ ಕಟ್ಟಡದಲ್ಲಿ ಒಂದು ರೂಢಿ ಬಿದ್ದುಬಿಟ್ಟಿದೆ. ಯಾರ ಮನೆಯಲ್ಲಿ ಏನು ಕೆಟ್ಟರೂ ತಂದು ನಮ್ಮ ಬಾಗಿಲ ಮುಂದೆ ಇಟ್ಟು ಹೋಗುತ್ತಾರೆ, ಬೆಲ್ ಸಹ ಒತ್ತುವುದಿಲ್ಲ. ಸರಿಯಾಗುವಂಥದ್ದನ್ನು ಇವರು ಸರಿಮಾಡಿ ಮರಳಿ ಕೊಡುತ್ತಾರೆ. ಆಗದಿದ್ದರೆ ಅದು ಬಾಲ್ಕನಿ ಸೇರುತ್ತದೆ. ಅವರೂ ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆಗೆದರೆ ಇಸ್ತ್ರಿಪೆಟ್ಟಿಗೆಯೊಂದು ಕಾದು ಕೂತಿರುತ್ತದೆ. ನನ್ನ ಹಣೆಬರಹ.

ಇದನ್ನೆಲ್ಲ ಸಹಿಸಿಕೊಂಡೇ ಇದ್ದೆ, ನನ್ನ ಸ್ಕೂಟರಿನ ತಂಟೆಗೆ ಬರುವತನಕ.

ಆ ಎಲೆಕ್ಟ್ರಿಕ್ ಸ್ಕೂಟರನ್ನು ನಾನು ಐವತ್ತು ದಾಟಿದ ಮೇಲೆ ಕಲಿತೆ. ಅಲ್ಲಿಯವರೆಗೆ ಎಲ್ಲಿಗೆ ಹೋಗಬೇಕಾದರೂ "ರೀ, ಬಿಟ್ಟು ಬರ್ತೀರೇನು?" ಎಂದು ಕೇಳಬೇಕು, ಇವರು "ಇದೊಂದು ಸ್ಕ್ರೂ, ತಡಿ" ಎನ್ನಬೇಕು, ಅಷ್ಟರಲ್ಲಿ ನಾನು ಉಟ್ಟ ಸೀರೆ ಮುದುಡಬೇಕು. ಸ್ಕೂಟರ್ ಬಂದ ಮೇಲೆ ಯಾರ ಹಂಗೂ ಇಲ್ಲ. ಸಾಬರಮತಿಯಲ್ಲಿರುವ ಗೆಳತಿ ನಾಗವೇಣಿಯ ಮನೆಗೆ ಗುರುವಾರದ ಭಜನೆಗೆ ನಾನೇ ಹೋಗುತ್ತಿದ್ದೆ, ನಾನೇ ಬರುತ್ತಿದ್ದೆ. ಈ ಊರು ನನ್ನದು ಅನ್ನಿಸಿದ್ದೇ ಆಗ. ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಬ್ಯಾಟರಿ ಸತ್ತಿತು. ಸ್ಕೂಟರ್ ಮಾಡಿದ ಕಂಪನಿಯೂ ಬಾಗಿಲು ಮುಚ್ಚಿತ್ತು.

"ಬ್ಯಾರೆ ಕಂಪನಿದು ಒಂದ್ ಹಾಕಸ್ರಿ," ಎಂದೆ.

ಇವರು ಆಗಲೇ ಬ್ಯಾಟರಿ ಡಬ್ಬಿ ಬಿಚ್ಚಿ ಕೂತಿದ್ದರು. "ಒಳಗಿನ ಸೆಲ್ ಎಲ್ಲಾ ಸತ್ತಿಲ್ಲ. ಸತ್ತವನ್ನ ತಗದು ಬ್ಯಾರೆ ಹಾಕಿದ್ರ ಮುಗೀತು. ಬೆಸಿಲಿಕ್ಕೆ ಒಂದು ಸ್ಪಾಟ್ ವೆಲ್ಡರ್ ಬೇಕಷ್ಟ."

"ಅದನ್ನರೆ ಕೊಂಡ್ಕೊಳ್ರಿ!"

"ಕೊಳ್ಳೂದ್ಯಾಕ? ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ಸಿಕ್ರ ನಾನ ಮಾಡ್ತೇನಿ," ಎಂದವರೇ ಅಡುಗೆಮನೆಯಲ್ಲಿದ್ದ ನನ್ನ ಓವನ್ನಿನ ಕಡೆ ಕಣ್ಣು ಹಾಯಿಸಿದರು.

"ಮುಟ್ಟಿದ್ರ ನೋಡ್ರಿ ಮತ್ತ!" ಎಂದೆ. ಮುಟ್ಟಲಿಲ್ಲ. ಪ್ರತಿ ಭಾನುವಾರ ಗುಜರಿ ಬಜಾರಿಗೆ ಹೋಗಿ ಬರಿಗೈಲಿ ಬಂದರು. ಸ್ಕೂಟರಿನ ಮೇಲೆ ಧೂಳು ಕೂತಿತು. ನಾನು ಆಟೋದವರ ಜೊತೆ ಜಗ್ಗಾಡಿ ಸಾಕಾಗಿ, ಕೊನೆಗೆ ಭಜನೆ ಬಿಟ್ಟು ಮನೆಯಲ್ಲೇ ಕೂತೆ.

ದೀಪಾವಳಿಯ ಮನೆ ಸ್ವಚ್ಛತೆ ಶುರುವಾಯಿತು. ಈ ಊರಿನಲ್ಲಿ ಆಗ ಬೇಡವಾದದ್ದೆಲ್ಲ ಹೊರಗೆ ಬರುತ್ತದೆ. ಒಂದು ಬೆಳಿಗ್ಗೆ ನೋಡಿದರೆ ನಮ್ಮ ಬಾಗಿಲ ಮುಂದೆ ಸಾಕ್ಷಾತ್ ಮೈಕ್ರೋವೇವ್ ಓವನ್. ಎದುರು ಮನೆಯ ದೀಪ್ತಿಬೆನ್‌ದು. "ನೋಡಿದ್ಯಾ, ದೇವರು ಕೊಟ್ಟ!" ಎಂದು ಇವರು ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಒಳಗೆ ಹೋದರು.

ಆಮೇಲೆ ಇವರನ್ನು ಹಿಡಿಯುವವರಿಲ್ಲ. ಒಳಗಿನ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ, ಜೀವ ತೆಗೆಯುತ್ತದೆ ಎಂದು ನನ್ನನ್ನು ಬಾಲ್ಕನಿಯಿಂದ ಓಡಿಸಿ, ಅದನ್ನು ಮೊದಲು ಖಾಲಿ ಮಾಡಿದರು. ಟ್ರಾನ್ಸ್‌ಫಾರ್ಮರ್ ತೆಗೆದು, ಅದರ ಸಣ್ಣ ತಂತಿಯ ಸುರುಳಿಯನ್ನು ಗರಗಸದಿಂದ ಕೊಯ್ದು ಹಾಕಿದರು. ಆ ಜಾಗದಲ್ಲಿ ಹೆಬ್ಬೆರಳು ದಪ್ಪದ ಕೇಬಲ್ಲನ್ನು ಎರಡು ಸುತ್ತು ಸುತ್ತಿದರು. ಅದರ ತುದಿಗಳಿಗೆ ತಾಮ್ರದ ಎರಡು ಮೊಳೆ. ಅವು ತಾಗಿದ ಕಡೆ ಲೋಹ ಕ್ಷಣದಲ್ಲಿ ಕರಗಿ ಅಂಟಿಕೊಳ್ಳುತ್ತದಂತೆ.

ಕಾಳಿ ಚೌದಸ್ ದಿನ, ಅಂದರೆ ನಮ್ಮ ನರಕ ಚತುರ್ದಶಿಗೆ, ಇಲ್ಲಿಯ ಹೆಂಗಸರು ವಡೆ ಕರಿದು, ಸಂಜೆ ನಾಲ್ಕು ದಾರಿ ಕೂಡುವಲ್ಲಿ ಇಟ್ಟು, ಸುತ್ತ ನೀರು ಬಿಟ್ಟು ಬರುತ್ತಾರೆ. ಮನೆಯೊಳಗಿನ ಜಗಳ ಹೊರಗೆ ಹೋಗಲಿ ಎಂದು. "ಹೇಮಾಬೆನ್, ಚಲೋ," ಎಂದು ದೀಪ್ತಿಬೆನ್ ಕರೆದಳು. ಹೋಗಿ, ಭಕ್ತಿಯಿಂದಲೇ ವಡೆ ಇಟ್ಟೆ. ವಾಪಸು ಬಂದಾಗ ಅವಳು ನಮ್ಮ ಬಾಗಿಲಲ್ಲಿ ನಿಂತು ಒಳಗೆ ಕೂಗಿದಳು:

"ಪಾಂಡುಭಾಯ್, ಓವನ್ ಕಾ ಬಲ್ಬ್ ಲಗ್ ಗಯಾ? ಮೆಹಮಾನ್ ಆ ರಹೇ ಹೈ!"

ಬಲ್ಬು! ಅವಳು ಇಟ್ಟುಹೋದದ್ದು ನೆಂಟರು ಬರುವ ಮೊದಲು ಬಲ್ಬು ಹಾಕಿಸಲಿಕ್ಕೆ!

ಅದೇ ಗಳಿಗೆಗೆ ಬಾಲ್ಕನಿಯಲ್ಲಿ ಇವರು ವೆಲ್ಡರಿನ ಸ್ವಿಚ್ ಒತ್ತಿರಬೇಕು. ಢಬ್ ಎಂದು ಸದ್ದಾಗಿ ಮನೆಯ ಕರೆಂಟ್ ಹೋಯಿತು. ಕತ್ತಲಲ್ಲಿ ಇವರ ದನಿ ಮಾತ್ರ ಬಂತು: "ಹತ್ತಿತು! ಬೆಸುಗಿ ಹತ್ತಿತು!" ನಾನು ಎಂಸಿಬಿ ಸ್ವಿಚ್ ಎತ್ತಿ ದೀಪ ಬಂದಾಗ, ದೀಪ್ತಿಬೆನ್ನಿನ ಓವನ್ ಬಾಗಿಲು ಕಳಚಿ, ಹೊಟ್ಟೆ ಬರಿದಾಗಿ, ಬಾಲ್ಕನಿಯ ಬಾಗಿಲಲ್ಲಿ ಅವಳ ಕಣ್ಣೆದುರೇ ಬಿದ್ದಿತ್ತು. ಪಾಪ, ಅವಳು ಬೈಯಲಿಲ್ಲ. ಕುರ್ಚಿ ಹುಡುಕಿ ಕೂತಳು. ರಸ್ತೆಯಲ್ಲಿ ಬಿಟ್ಟು ಬಂದ ಜಗಳ ನನಗಿಂತ ಮೊದಲೇ ಮನೆ ಸೇರಿತ್ತು.

ಇನ್ನೇನು, ನನ್ನ ಓವನ್ ಒರೆಸಿ ಅವಳ ಮನೆಗೆ ಕಳಿಸಿದೆ. ಹೊತ್ತುಕೊಂಡು ಹೋದದ್ದು ಇವರೇ. ಹಬ್ಬ ಮುಗಿಯುವವರೆಗೆ ನಾನು ಇವರೊಡನೆ ಮಾತಾಡಲಿಲ್ಲ. ಇವರಿಗೆ ಅದು ಗೊತ್ತಾಯಿತೋ ಇಲ್ಲವೋ, ಅದೂ ತಿಳಿಯಲಿಲ್ಲ.

ಬ್ಯಾಟರಿ ತಯಾರಾಯಿತು. ಸ್ಕೂಟರ್ ಓಡಿತು. ಓಡಿಸಿದವರು ಮಾತ್ರ ಇವರು! ದಿನಾ ಕಾಲೊನಿಯ ಸುತ್ತ ನನ್ನ ಸ್ಕೂಟರ್ ಮೇಲೆ ಇವರ ಸವಾರಿ, ಬಾಲ್ಕನಿಯಲ್ಲಿ ನಿಂತು ನೋಡಲು ನಾನು. ಬಂದವರೇ ಬ್ಯಾಟರಿ ತೆಗೆದು ಮುಟ್ಟಿ ನೋಡುವುದು, ಸೆಲ್ ಕೂಡಿಸುವ ತಗಡಿನ ಪಟ್ಟಿಯನ್ನು ಪಕ್ಕಡಿನಿಂದ ಕಿತ್ತು ನೋಡುವುದು. ಪಟ್ಟಿ ಹರಿದರೂ ಬೆಸುಗೆ ಬಿಡಬಾರದಂತೆ. ಬಿಡುತ್ತಿರಲಿಲ್ಲ. ಆದರೂ ಮತ್ತೆ ಬಿಚ್ಚಿ, ಮತ್ತೆ ಬೆಸೆದು, ಮತ್ತೆ ಸವಾರಿ.

ಗುರುವಾರ ಸೀರೆ ಉಟ್ಟು ಎದುರು ನಿಂತೆ. "ಚಾವಿ ಕೊಡ್ತೀರೋ ಇಲ್ಲೋ?"

"ಇವತ್ತ ಬ್ಯಾಡ."

"ಯಾಕ ಬ್ಯಾಡ? ಓಡ್ತೈತಲ್ಲ! ಊರ ಮಂದಿ ಮಿಕ್ಸರ್ ರಿಪೇರಿ ಮಾಡಿ ಕೈಗೆ ಕೊಡ್ತೀರಿ, ನನ್ನ ಸ್ಕೂಟರಿಗೆ ಏನ್ ಧಾಡಿ? ನಿಮ್ಮ ಕೆಲಸದ ಮ್ಯಾಲೆ ನಿಮಗ ನಂಬಿಕಿ ಇಲ್ಲೇನು?"

ಇವರು ಪಕ್ಕಡು ಕೆಳಗಿಟ್ಟರು. "ನಂಬಿಕಿ ಐತಿ, ಹೇಮಾ. ಆದ್ರ ಒಂದ ಬೆಸುಗಿ ಸಡ್ಲಾದ್ರ ಕಾಯ್ತೈತಿ, ಕಾದ್ರ ಬೆಂಕಿ. ಅದರ ಮ್ಯಾಲೆ ಕೂಡಾಕಿ ನೀ. ನನಗ ಧೈರ್ಯ ಆಗವಲ್ದು."

ಕಣ್ಣಲ್ಲಿ ನೀರು ಬಂತು, ಅದಕ್ಕೂ ಸಿಟ್ಟು ಬಂತು. "ಈ ಮಾತು ಬಾಯಿಂದ ಬರಾಕ ಎರಡು ಓವನ್ ಬಲಿ ಆಗಬೇಕಿತ್ತೇನ್ರೀ?" ಎಂದು ಒಳಗೆ ಹೋಗಿ ಸೀರೆ ಮಡಚಿಟ್ಟೆ.

ಮರುದಿನ ಇವರು ಅಂಗಡಿಯವನನ್ನು ಕರೆತಂದು ಹೊಸ ಬ್ಯಾಟರಿ ಹಾಕಿಸಿದರು. ಗ್ಯಾರಂಟಿ ಕಾರ್ಡು ಇದ್ದದ್ದು. ಇವರು ಬೆಸೆದ ಬ್ಯಾಟರಿ ಈಗ ಬಾಲ್ಕನಿಯ ದೀಪ ಉರಿಸುತ್ತದೆ.

ಚಾವಿ ನನ್ನ ಕೈಗೆ ಬಂದಾಗ, "ಕೂಡ್ರಿ ಹಿಂದ," ಎಂದೆ. "ಓವನ್ ತರೂಣು. ಹೊಸಾದು."

ಇವರು ಹಿಂದೆ ಕೂತದ್ದು ಅದೇ ಮೊದಲು. ಗೇಟು ದಾಟಿ ದೊಡ್ಡ ರಸ್ತೆಗೆ ಬರುತ್ತಿದ್ದಂತೆ ನನ್ನ ಭುಜ ಹಿಡಿದು, "ನಿಧಾನ ಹೋಗ, ನಿಧಾನ," ಎಂದರು. ಮದುವೆಯಾದಾಗಿನಿಂದ ಇವರ ಹಿಂದೆ ಕೂತು ನಾನು ಹೇಳಿಕೊಂಡು ಬಂದ ಮಾತು ಅದೇ. ಇವರು ಒಂದು ದಿನವೂ ಕಿವಿಗೆ ಹಾಕಿಕೊಂಡವರಲ್ಲ.

ನಾನು ನಿಧಾನ ಮಾಡಿದೆ.